ಫಸ್ಟ್ ಪರ್ಸನ್ ಶೂಟರ್ ಆಟಗಳಲ್ಲಿ ಜೈರೋ ಚೆನ್ನಾಗಿದೆ ಅಥವಾ ಇಲ್ಲ ಎಂದು ತೀರ್ಮಾನಿಸುವುದು ಹೇಗೆ?

ನವನಗರದ_ಆಟಗಾರ (ಬಾಗಲಕೋಟೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಿಡಿಯೊ ಗೇಮ್‌ಗಳ ಬಗ್ಗೆ ಕನ್ನಡದಲ್ಲಿ ವಿಮರ್ಶೆ ಬರೆಯುವ ಹವ್ಯಾಸ ನನಗಿದೆ. ಕಥೆ, ಚಿತ್ರಣ, ಧ್ವನಿ ಇವುಗಳ ಕುರಿತು ಬರೆಯುವಾಗ ಅಷ್ಟಾಗಿ ತೊಡಕಾಗುವುದಿಲ್ಲ. ಆದರೆ ಫಸ್ಟ್ ಪರ್ಸನ್ ಶೂಟರ್ ಆಟಗಳಲ್ಲಿ, ಅಂದರೆ ಪಾತ್ರದ ಕಣ್ಣಿನಿಂದಲೇ ನೋಡುತ್ತ ಗುಂಡು ಹಾರಿಸುವ ಆಟಗಳಲ್ಲಿ, ಮೊಬೈಲನ್ನೋ ಕಂಟ್ರೋಲರನ್ನೋ ಕೈಯಲ್ಲಿ ತಿರುಗಿಸಿ ಗುರಿ ಹಿಡಿಯುವ ವ್ಯವಸ್ಥೆ, ಅಂದರೆ ನಾವೆಲ್ಲ ಜೈರೋ ಎಂದು ಕರೆಯುವುದು, ಒಳ್ಳೆಯದೋ ಕೆಟ್ಟದ್ದೋ ಎಂದು ಬರೆಯಬೇಕಾದಾಗ ‘ನನಗೆ ಹಿಡಿಸಿತು’ ಅಥವಾ ‘ಹಿಡಿಸಲಿಲ್ಲ’ ಎಂಬುದರಾಚೆ ಏನನ್ನೂ ಹೇಳಲಾಗುತ್ತಿಲ್ಲ.

ಇತ್ತೀಚೆಗೆ ಒಂದೇ ಆಟವನ್ನು ನಾನು, ನಮ್ಮ ಚಿಕ್ಕಪ್ಪನ ಮಗ ಮತ್ತು ವಿದ್ಯಾಗಿರಿಯಲ್ಲಿರುವ ಗೆಳೆಯ, ಹೀಗೆ ಮೂವರು ನಮ್ಮ ನಮ್ಮ ಮೊಬೈಲ್‌ಗಳಲ್ಲಿ ಆಡಿದೆವು. ಜೈರೋ ಇಲ್ಲದೆ ಈ ಆಟವನ್ನು ಆಡುವುದೇ ವ್ಯರ್ಥವೆಂದು ತಮ್ಮನ ವಾದ. ಕೈ ಅಲುಗಿಸದಿದ್ದರೂ ಕ್ರಾಸ್‌ಹೇರ್ (ಪರದೆಯ ನಡುವಿನ ಗುರಿಯ ಗುರುತು) ಎಡಕ್ಕೆ ಜಾರುತ್ತದೆ ಎಂದು ಗೆಳೆಯನ ದೂರು. ನನಗಾದರೋ ಹತ್ತಿರದ ಗುರಿ ಸಲೀಸಾಗಿ ಸಿಗುತ್ತದೆ, ಆದರೆ ಸ್ಕೋಪ್ ಹಾಕಿ ದೂರದವನನ್ನು ಹಿಡಿಯಹೋದರೆ ಕ್ರಾಸ್‌ಹೇರ್ ಮೊದಲು ಅಂಟಿಕೊಂಡಂತೆ ನಿಂತು ಆಮೇಲೆ ಒಮ್ಮೆಲೇ ಹಾರುತ್ತದೆ. ನಮ್ಮ ಅವ್ವನ ತೀರ್ಪು ಇನ್ನೂ ಬೇರೆ: ‘ಮೈಮ್ಯಾಗ ದೇವ್ರು ಬಂದವರಗತೆ ಆ ಮೊಬೈಲ್ ಹಿಡಕೊಂಡು ಯಾಕ ಅಳ್ಳಾಡತೀರೋ?’

ಇದರಲ್ಲಿ ಕೈಯ ದೋಷ ಯಾವುದು, ಮೊಬೈಲಿನ ದೋಷ ಯಾವುದು, ಆಟದ ದೋಷ ಯಾವುದು ಎಂದು ಬೇರ್ಪಡಿಸುವ ದಾರಿ ಇದೆಯೇ? ಕಂಟ್ರೋಲರಿನಲ್ಲಿ ಹೆಬ್ಬೆರಳಿನಿಂದ ತಳ್ಳುವ ಸ್ಟಿಕ್ಕಿನ ಜೊತೆ ಜೈರೋವನ್ನು ಹೋಲಿಸಿ ಬರೆಯುವುದು ನ್ಯಾಯವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

---

ಟಿಳಕವಾಡಿ_ಕನ್ಸೋಲ್ (ಬೆಳಗಾವಿ) ಉತ್ತರ:

ನವನಗರದವರಿಗೆ ನಮಸ್ಕಾರ. ನಿಮ್ಮ ಮೂವರ ಅಭಿಪ್ರಾಯಗಳು ಹೊಂದದಿರುವುದಕ್ಕೆ ಅಭಿರುಚಿಯ ವ್ಯತ್ಯಾಸ ಕಾರಣವೆಂದು ನನಗನ್ನಿಸುವುದಿಲ್ಲ. ನೀವು ಮೂವರೂ ಮೂರು ಬೇರೆ ಬೇರೆ ಸಂಗತಿಗಳಿಗೆ ಅಂಕ ಕೊಟ್ಟಿದ್ದೀರಿ, ಅಷ್ಟೇ. ಜೈರೋವನ್ನು ತೂಗಲು ನಾನು ಇಟ್ಟುಕೊಂಡಿರುವ ಮಾನದಂಡ ಒಂದೇ. ಕೈ ಇಂತಿಷ್ಟು ಕೋನ ತಿರುಗಿದರೆ ಪರದೆಯ ಮೇಲಿನ ನೋಟವೂ ಪ್ರತಿ ಸಲ ಅದಕ್ಕೆ ತಕ್ಕ ಅಷ್ಟೇ ಕೋನ ತಿರುಗಬೇಕು. ನಿಧಾನವಾಗಿ ತಿರುಗಿಸಿದರೂ ಅಷ್ಟೇ, ಜೋರಾಗಿ ತಿರುಗಿಸಿದರೂ ಅಷ್ಟೇ, ಆಟ ಶುರುವಾದಾಗಲೂ ಅಷ್ಟೇ, ಅರ್ಧ ಗಂಟೆ ಕಳೆದ ಮೇಲೂ ಅಷ್ಟೇ. ಈ ಲೆಕ್ಕ ಗಟ್ಟಿಯಾಗಿದ್ದರೆ ಕೈ ಅದನ್ನು ತಾನಾಗಿ ಕಲಿತುಕೊಳ್ಳುತ್ತದೆ. ಲೆಕ್ಕವೇ ದಿನಕ್ಕೊಂದು ಬಗೆಯಾದರೆ ಅಭ್ಯಾಸದಿಂದ ಏನೂ ಆಗದು. ಮಿಕ್ಕಿದ್ದೆಲ್ಲ, ಅಂದರೆ ಸೆನ್ಸಿಟಿವಿಟಿ (ಕೈ ತಿರುಗಿದ್ದಕ್ಕೆ ನೋಟ ಎಷ್ಟು ಪಟ್ಟು ತಿರುಗಬೇಕೆಂಬ ಅಳತೆ) ಎಷ್ಟಿರಬೇಕು, ಬಟನ್ ಎಲ್ಲಿರಬೇಕು ಎಂಬಂಥವು, ಇದರ ನಂತರದ ಮಾತು.

ಹೀಗೆ ಹೇಳಲು ಕಾರಣ ಸೆನ್ಸರಿನ ಸ್ವಭಾವದಲ್ಲೇ ಇದೆ. ಜೈರೋಸ್ಕೋಪ್ ಅಳೆಯುವುದು ಕೋನವನ್ನಲ್ಲ, ತಿರುಗುವ ವೇಗವನ್ನು. ಸೆನ್ಸರಿನ ಚಿಪ್ ಒಳಗೆ ಸದಾ ಕಂಪಿಸುತ್ತಿರುವ ಅತಿ ಸಣ್ಣ ತುಣುಕೊಂದಿರುತ್ತದೆ. ಸಾಧನ ತಿರುಗಿದಾಗ ಆ ತುಣುಕು ಕೊರಿಯೋಲಿಸ್ ಬಲದಿಂದಾಗಿ ಅಡ್ಡಕ್ಕೆ ಸರಿಯುತ್ತದೆ, ಸರಿದ ಪ್ರಮಾಣವನ್ನು ಸೆಕೆಂಡಿಗೆ ಇಷ್ಟು ಡಿಗ್ರಿ ಎಂಬ ಲೆಕ್ಕಕ್ಕೆ ತರಲಾಗುತ್ತದೆ, ಆಟವು ಆ ವೇಗಗಳನ್ನು ಕೂಡಿಸುತ್ತ ಹೋಗಿ ನೋಟವನ್ನು ತಿರುಗಿಸುತ್ತದೆ. ಸಾಧನ ಮೇಜಿನ ಮೇಲೆ ಅಲುಗಾಡದೆ ಬಿದ್ದಿರುವಾಗ ಸೆನ್ಸರು ಸೊನ್ನೆ ತೋರಿಸಬೇಕು. ಅದರ ಬದಲು ಸೆಕೆಂಡಿಗೆ ಅರ್ಧ ಡಿಗ್ರಿ ತೋರಿಸಿದರೂ ಒಂದು ನಿಮಿಷದಲ್ಲಿ ನೋಟ 30 ಡಿಗ್ರಿ ಸರಿದಿರುತ್ತದೆ. ನಿಮ್ಮ ಗೆಳೆಯರು ಹೇಳಿದ ಜಾರುವಿಕೆ ಬಹುತೇಕ ಇದೇ ಇರಬೇಕು. ಅದು ಆಟದ ದೋಷವಲ್ಲ, ಕ್ಯಾಲಿಬ್ರೇಶನ್ ಇಲ್ಲದ, ಅಂದರೆ ಸೊನ್ನೆಯನ್ನು ಸರಿಯಾಗಿ ಹೊಂದಿಸದ ಸೆನ್ಸರಿನ ದೋಷ.

ಇನ್ನು ನಿಮ್ಮ ಸಮಸ್ಯೆ. ಈ ಜಾರುವಿಕೆಯನ್ನು ಮರೆಮಾಚಲು ಕೆಲವು ಆಟಗಳನ್ನು ಮಾಡಿದವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಒಂದು ಮಿತಿಗಿಂತ ನಿಧಾನವಾದ ತಿರುಗುವಿಕೆಯನ್ನೆಲ್ಲ ಸೊನ್ನೆಯೆಂದೇ ಎಣಿಸಿಬಿಡುತ್ತಾರೆ. ಇದಕ್ಕೆ ಡೆಡ್ ಝೋನ್ ಎನ್ನುತ್ತಾರೆ. ಸ್ಟಿಕ್ಕಿಗೆ ಡೆಡ್ ಝೋನ್ ಬೇಕು, ಏಕೆಂದರೆ ಬೆರಳು ಬಿಟ್ಟಾಗ ಸ್ಟಿಕ್ಕು ಸರಿಯಾಗಿ ನಡುವಿಗೆ ಮರಳುವುದಿಲ್ಲ. ಜೈರೋಗೆ ಅದು ವಿಷ. ದೂರದ ಗುರಿಯನ್ನು ಸ್ಕೋಪಿನಲ್ಲಿ ಹಿಡಿಯುವಾಗ ಕೈ ಮಾಡುವುದೇ ಅತಿ ನಿಧಾನದ, ಅತಿ ಸಣ್ಣ ಚಲನೆ, ಮತ್ತು ಆಟ ಎಸೆದುಬಿಡುವುದೂ ಅದನ್ನೇ. ಆದ್ದರಿಂದಲೇ ಕ್ರಾಸ್‌ಹೇರ್ ಮೊದಲು ಅಂಟಿಕೊಳ್ಳುತ್ತದೆ, ನೀವು ಬೇಸತ್ತು ಸ್ವಲ್ಪ ಜೋರು ಮಾಡಿದೊಡನೆ ಮಿತಿ ದಾಟಿ ಹಾರುತ್ತದೆ. ಜೈರೋ ಇರುವುದೇ ಸೂಕ್ಷ್ಮ ಚಲನೆಗಾಗಿ; ಅದನ್ನೇ ಕತ್ತರಿಸಿದ ಆಟಕ್ಕೆ ನಾನು ಈ ವಿಷಯದಲ್ಲಿ ಪಾಸ್ ಮಾರ್ಕ್ಸ್ ಕೊಡುವುದಿಲ್ಲ.

ಪರೀಕ್ಷೆಗೆ ದುಬಾರಿ ಉಪಕರಣಗಳೇನೂ ಬೇಡ. ನಮ್ಮ ಕಡೆಯ ಮನೆಗಳಲ್ಲಿ ಪರಸಿಯ (ಕಲ್ಲುಹಾಸಿನ) ನೆಲವೋ ಟೈಲ್ಸೋ ಇದ್ದೇ ಇರುತ್ತದೆ, ಅದರ ಸಂದುಗಳು ಒಂದಕ್ಕೊಂದು ಲಂಬವಾಗಿ, 90 ಡಿಗ್ರಿಯಲ್ಲಿ ಸೇರುತ್ತವೆ. ಒಂದು ರಟ್ಟಿನ ಡಬ್ಬಿಗೆ ಮೊಬೈಲನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ನೀವು ಆಡುವಾಗ ಹಿಡಿಯುವ ಹಾಗೆಯೇ ಅಡ್ಡಲಾಗಿ, ನೆಟ್ಟಗೆ ನಿಲ್ಲಿಸಿ. ಮಲಗಿಸಿ ತಿರುಗಿಸಿದರೆ ಬೇರೆಯೇ ಅಕ್ಷ ಕೆಲಸ ಮಾಡುವುದರಿಂದ ನಿಲ್ಲಿಸುವುದು ಮುಖ್ಯ. ಡಬ್ಬಿಯ ಅಂಚನ್ನು ಒಂದು ಸಂದಿಗೆ ಹೊಂದಿಸಿ, ಆಟದ ತರಬೇತಿ ಕೋಣೆಯಲ್ಲಿ ಕ್ರಾಸ್‌ಹೇರನ್ನು ಗೋಡೆಯ ಯಾವುದಾದರೂ ಗುರುತಿನ ಮೇಲಿಡಿ. ಬಳಿಕ ಡಬ್ಬಿಯನ್ನು ಬಹಳ ನಿಧಾನವಾಗಿ ಇನ್ನೊಂದು ಸಂದಿನವರೆಗೆ ತಿರುಗಿಸಿ, ಒಮ್ಮೆಲೇ ವೇಗವಾಗಿ ಮೊದಲಿನ ಸಂದಿಗೆ ಮರಳಿಸಿ. ಕ್ರಾಸ್‌ಹೇರ್ ಹೊರಟ ಗುರುತಿಗೇ ಬಂದು ನಿಂತರೆ ಲೆಕ್ಕ ಸರಿಯಿದೆ. ನಿಧಾನದ ಹಾದಿಯಲ್ಲಿ ನೋಟ ಕಡಿಮೆ ತಿರುಗಿ, ವೇಗದ ಹಾದಿಯಲ್ಲಿ ಹೆಚ್ಚು ತಿರುಗಿದರೆ ಅಲ್ಲಿ ಡೆಡ್ ಝೋನ್ ಇದೆ, ಇಲ್ಲವೇ ವೇಗಕ್ಕೆ ತಕ್ಕಂತೆ ಸೆನ್ಸಿಟಿವಿಟಿ ಏರಿಸುವ ಅಕ್ಸಲರೇಶನ್ ಇದೆ. ಸೆಟ್ಟಿಂಗ್‌ನಲ್ಲಿ ಅಕ್ಸಲರೇಶನ್ ತೆಗೆದ ಮೇಲೂ ಹಾಗೇ ಆದರೆ ಅದು ಡೆಡ್ ಝೋನ್ ಎಂದು ಧೈರ್ಯವಾಗಿ ಬರೆಯಬಹುದು.

ಇನ್ನೊಂದು ಸಂಗತಿ ಸ್ಮೂದಿಂಗ್. ಮನುಷ್ಯನ ಕೈ ಎಷ್ಟೇ ಆರೋಗ್ಯವಾಗಿದ್ದರೂ ಸೆಕೆಂಡಿಗೆ ಸುಮಾರು 8ರಿಂದ 12 ಸಲ ಸೂಕ್ಷ್ಮವಾಗಿ ನಡುಗುತ್ತಿರುತ್ತದೆ, ಆರು ಪಟ್ಟು ಹಿಗ್ಗಿಸಿ ತೋರಿಸುವ 6ಎಕ್ಸ್ ಸ್ಕೋಪಿನಲ್ಲಿ ಆ ನಡುಕ ಕಣ್ಣಿಗೆ ಬೀಳುತ್ತದೆ. ಹಿಂದಿನ ಕೆಲವು ರೀಡಿಂಗ್‌ಗಳ ಸರಾಸರಿ ತೆಗೆದರೆ ನಡುಕ ಇಳಿಯುತ್ತದೆ, ಆದರೆ ಪರದೆ ಕೈಗಿಂತ ಹಿಂದೆ ಬೀಳುತ್ತದೆ. ಜಾಣತನದಿಂದ ಮಾಡಿದ ಆಟಗಳು ನಿಧಾನದ ಚಲನೆಯನ್ನು ಮಾತ್ರ ಸ್ಮೂದ್ ಮಾಡಿ, ವೇಗದ ಚಲನೆಯನ್ನು ಇದ್ದಂತೆಯೇ ಬಿಡುತ್ತವೆ. ಈ ಹಿಂದೆ ಬೀಳುವಿಕೆಯನ್ನು ಅಳೆಯಲು ಇನ್ನೊಂದು ಮೊಬೈಲಿನಲ್ಲಿ 240 ಫ್ರೇಮ್‌ಗಳ ಸ್ಲೋ ಮೋಶನ್ ವಿಡಿಯೊ ತೆಗೆಯಿರಿ. ಅದರ ಒಂದೊಂದು ಫ್ರೇಮೂ ಸುಮಾರು 4 ಮಿಲಿಸೆಕೆಂಡು. ಡಬ್ಬಿ ಅಲುಗಿದ ಫ್ರೇಮಿನಿಂದ ಪರದೆ ಅಲುಗಿದ ಫ್ರೇಮಿನವರೆಗೆ ಎಣಿಸಿದರೆ ಸಾಕು.

ಕಡೆಯದಾಗಿ, ಜೈರೋವನ್ನು ಕ್ಷಣಕಾಲ ನಿಲ್ಲಿಸುವ ಬಟನ್ ಇದೆಯೇ ಎಂದು ತಪ್ಪದೆ ನೋಡಿ. ಮೌಸು ಪ್ಯಾಡಿನ ಅಂಚಿಗೆ ಬಂದಾಗ ಎತ್ತಿ ನಡುವಿಗಿಡುತ್ತೇವೆ. ಇಲ್ಲಿ ಮಣಿಕಟ್ಟು ಪೂರ್ತಿ ತಿರುಗಿಹೋದಾಗ ಆ ಕೆಲಸವನ್ನು ಈ ಬಟನ್ ಮಾಡಬೇಕು. ಇದಿಲ್ಲದ ಆಟದಲ್ಲಿ ಆಟಗಾರ ಕುರ್ಚಿ ಸಮೇತ ತಿರುಗಬೇಕಾಗುತ್ತದೆ.

---

ಖಾನಾಪುರ_ರೋಡ್ (ಬೆಳಗಾವಿ) ಉತ್ತರ:

ಡಬ್ಬಿ, ಪರಸಿ, ಸ್ಲೋ ಮೋಶನ್ ಎಲ್ಲ ಸರಿ, ಆದರೆ ಇಷ್ಟೆಲ್ಲ ಬೇಕೇ? ಶೂಟರ್ ಆಟದಲ್ಲಿ ತೀರ್ಪು ಹೇಳುವುದು ಸ್ಕೋರು. ಸ್ಟಿಕ್ಕಿನಲ್ಲಿ ಕೆಲವು ಮ್ಯಾಚ್, ಜೈರೋದಲ್ಲಿ ಕೆಲವು ಮ್ಯಾಚ್ ಆಡಿ, ಯಾವುದರಲ್ಲಿ ಹೆಚ್ಚು ಕಿಲ್ ಬಂತೋ ಅದೇ ಒಳ್ಳೆಯದು ಎಂದರೆ ಮುಗಿಯಿತು. ಅಲ್ಲದೆ ಚಲನೆಯಿಂದ ಗುರಿ ಹಿಡಿಯುವುದನ್ನು ನಾವು ನಿಂಟೆಂಡೊ ಕಂಪನಿಯ ವೀ ಕನ್ಸೋಲಿನ ಕಾಲದಲ್ಲೇ ನೋಡಿದ್ದೇವೆ. ರಿಮೋಟು ಟಿವಿಯ ಅಂಚಿಗೆ ಹೋದರೆ ಮಾತ್ರ ನೋಟ ತಿರುಗುತ್ತಿತ್ತು, ಪಕ್ಕಕ್ಕೆ ಹೋದರೆ ತಲೆ ಸುತ್ತುವಂತೆ ಗಿರಗಿರ ತಿರುಗುತ್ತಿತ್ತು. ಅಂದು ಕೈಬಿಟ್ಟದ್ದನ್ನು ಈಗ ಮತ್ತೆ ಹೊಗಳುವುದು ನನಗೆ ಅರ್ಥವಾಗುವುದಿಲ್ಲ.

---

ಟಿಳಕವಾಡಿ_ಕನ್ಸೋಲ್ (ಬೆಳಗಾವಿ) ಉತ್ತರ:

ಖಾನಾಪುರ ರೋಡಿನವರ ಎರಡೂ ಮಾತಿಗೆ ನನ್ನ ಆಕ್ಷೇಪವಿದೆ.

ಮೊದಲು ವೀ ವಿಚಾರ. 2006ರಲ್ಲಿ ಬಂದ ವೀ ರಿಮೋಟಿನಲ್ಲಿ ಜೈರೋಸ್ಕೋಪ್ ಇರಲೇ ಇಲ್ಲ. ಅದರಲ್ಲಿದ್ದದ್ದು ಆಕ್ಸೆಲೆರೋಮೀಟರ್ ಮತ್ತು ಒಂದು ಇನ್ಫ್ರಾರೆಡ್ ಕ್ಯಾಮೆರಾ. ಟಿವಿಯ ಬಳಿ ಇಟ್ಟ ಪಟ್ಟಿಯ ದೀಪಗಳನ್ನು ಆ ಕ್ಯಾಮೆರಾ ನೋಡಿ, ರಿಮೋಟು ಪರದೆಯ ಯಾವ ಜಾಗಕ್ಕೆ ಮುಖ ಮಾಡಿದೆ ಎಂದು ಲೆಕ್ಕ ಹಾಕುತ್ತಿತ್ತು. ಅದು ಪರದೆಯ ಜಾಗವನ್ನು ತೋರಿಸುವ ವ್ಯವಸ್ಥೆ. ಅದಕ್ಕಾಗಿಯೇ ನೋಟವನ್ನು ತಿರುಗಿಸಲು ಅಂಚಿನ ಏರ್ಪಾಡು ಬೇಕಾಯಿತು. ಜೈರೋಸ್ಕೋಪ್ ಬಂದದ್ದು 2009ರ ಮೋಶನ್‌ಪ್ಲಸ್ ಎಂಬ ಹೆಚ್ಚುವರಿ ಸಾಧನದೊಂದಿಗೆ. 2010ರ ‘ರೆಡ್ ಸ್ಟೀಲ್ 2’ ಅದಿಲ್ಲದೆ ನಡೆಯುತ್ತಲೇ ಇರಲಿಲ್ಲ. ಇಂದು ನಾವು ಮಾತನಾಡುತ್ತಿರುವ ಬಗೆ ಅದಲ್ಲ. ಇಲ್ಲಿ ಸ್ಟಿಕ್ಕು ದೊಡ್ಡ ತಿರುವುಗಳನ್ನು ನೋಡಿಕೊಳ್ಳುತ್ತದೆ, ಜೈರೋ ಕೊನೆಯ ಕೆಲವು ಡಿಗ್ರಿಗಳನ್ನು ತಿದ್ದುತ್ತದೆ. 2015ರ ‘ಸ್ಪ್ಲಟೂನ್’ ಇದನ್ನು ಬಹಳ ಜನರ ಕೈಗೆ ತಲುಪಿಸಿತು. ಅದು ಪಾತ್ರವನ್ನು ಹಿಂದಿನಿಂದ ನೋಡುತ್ತ ಆಡುವ ಥರ್ಡ್ ಪರ್ಸನ್ ಆಟ ನಿಜ, ಆದರೆ ಗುರಿ ಹಿಡಿಯುವ ತತ್ತ್ವ ಒಂದೇ. ಜಿಬ್ ಸ್ಮಾರ್ಟ್ ಎಂಬುವರು ರೂಪಿಸಿದ ಫ್ಲಿಕ್ ಸ್ಟಿಕ್ ಇನ್ನೂ ಮುಂದೆ ಹೋಗುತ್ತದೆ. ಸ್ಟಿಕ್ಕನ್ನು ಬಲಕ್ಕೆ ತಳ್ಳಿದರೆ ನೋಟ ನೇರವಾಗಿ 90 ಡಿಗ್ರಿ ಬಲಕ್ಕೆ, ಹಿಂದಕ್ಕೆ ತಳ್ಳಿದರೆ ಪೂರ್ತಿ ಹಿಂದಕ್ಕೆ, ಮಿಕ್ಕ ಗುರಿಯೆಲ್ಲ ಜೈರೋದ ಪಾಲಿಗೆ. 2022ರಲ್ಲಿ ‘ಫೋರ್ಟ್‌ನೈಟ್’ ಕೂಡ ಇದನ್ನು ಸೇರಿಸಿಕೊಂಡಿತು.

ಸ್ಕೋರಿನ ಮಾತಿಗೆ ಬಂದರೆ, ಸ್ಟಿಕ್ಕಿನಲ್ಲಿ ಆಡುವಾಗ ನೀವೊಬ್ಬರೇ ಗುರಿ ಹಿಡಿಯುತ್ತಿರುವುದಿಲ್ಲ. ಕ್ರಾಸ್‌ಹೇರ್ ಎದುರಾಳಿಯ ಹತ್ತಿರ ಬಂದೊಡನೆ ಆಟವೇ ವೇಗ ಇಳಿಸುತ್ತದೆ, ಕೆಲವೊಮ್ಮೆ ಅವನ ಹಿಂದೆಯೇ ಎಳೆದುಕೊಂಡು ಹೋಗುತ್ತದೆ. ಇದು ಎಯಿಮ್ ಅಸಿಸ್ಟ್. ಅದನ್ನು ಇಟ್ಟುಕೊಂಡು ಎರಡನ್ನೂ ಹೋಲಿಸಿದರೆ ನೀವು ಅಂಕ ಕೊಡುತ್ತಿರುವುದು ಎಯಿಮ್ ಅಸಿಸ್ಟಿಗೇ ಹೊರತು ಸ್ಟಿಕ್ಕಿಗಲ್ಲ. ಒಬ್ಬರೇ ಆಡುವ ಭಾಗದಲ್ಲಿ ಅಸಿಸ್ಟ್ ಪೂರ್ತಿ ತೆಗೆದು ಹೋಲಿಸಿ, ಆಮೇಲೆ ಮಾತಾಡೋಣ. ಜೊತೆಗೆ, ಹತ್ತಾರು ವರ್ಷ ಸ್ಟಿಕ್ಕು ಹಿಡಿದ ಹೆಬ್ಬೆರಳನ್ನು ನಿನ್ನೆ ಮೊನ್ನೆ ಜೈರೋ ಶುರು ಮಾಡಿದ ಮಣಿಕಟ್ಟಿನ ಎದುರು ನಿಲ್ಲಿಸುವುದರಲ್ಲಿ ಸ್ಕೋರು ಏನು ಹೇಳೀತು?

---

ಗುಮ್ಮಟನಗರಿ_ಮೊಬೈಲ್ಸ್ (ವಿಜಯಪುರ) ಉತ್ತರ:

ನಾನು ಗಾಂಧಿ ಚೌಕದ ಹತ್ತಿರ ಮೊಬೈಲ್ ರಿಪೇರಿ ಮಾಡುವವನು. ಆಟದ ಬಗ್ಗೆ ಟಿಳಕವಾಡಿಯವರಷ್ಟು ತಿಳಿಯದಿದ್ದರೂ ಮೊಬೈಲಿನ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ.

ಕಡಿಮೆ ಬೆಲೆಯ ಕೆಲವು ಮೊಬೈಲ್‌ಗಳಲ್ಲಿ ನಿಜವಾದ ಜೈರೋಸ್ಕೋಪ್ ಚಿಪ್ ಇರುವುದೇ ಇಲ್ಲ. ಆಕ್ಸೆಲೆರೋಮೀಟರ್ ಮತ್ತು ದಿಕ್ಸೂಚಿಯ ಮ್ಯಾಗ್ನೆಟೋಮೀಟರ್ ಎರಡರ ರೀಡಿಂಗ್ ಸೇರಿಸಿ, ತಿರುಗಿದ್ದು ಎಷ್ಟು ಎಂದು ಸಾಫ್ಟ್‌ವೇರಿನಲ್ಲೇ ಅಂದಾಜು ಮಾಡುತ್ತಾರೆ. ಗಿರಾಕಿಗಳು ಬಂದು ‘ಜೈರೋ ಐತಿ, ಆದರ ಸರಿ ಇಲ್ರೀ’ ಎಂದಾಗ ನಾನು ಮೊದಲು ನೋಡುವುದು ಇದನ್ನೇ. ಸೆನ್ಸರ್‌ಗಳ ಪಟ್ಟಿ ತೋರಿಸುವ ಯಾವುದಾದರೂ ಉಚಿತ ಆ್ಯಪ್ ಹಾಕಿಕೊಂಡರೆ ವಿಷಯ ಗೊತ್ತಾಗುತ್ತದೆ. ಆ್ಯಪ್ ಬೇಡವೆಂದರೆ, ಆಟ ತೆರೆದಿಟ್ಟು ಮೊಬೈಲನ್ನು ಮನೆಯ ಕಬ್ಬಿಣದ ತಿಜೋರಿಯ ಬಾಗಿಲಿಗೆ, ತಿರುಗಿಸದೆ, ಹತ್ತಿರ ಒಯ್ಯಿರಿ. ನಿಜವಾದ ಜೈರೋಗೆ ಕಬ್ಬಿಣದ ಪರಿವೆಯಿಲ್ಲ. ದಿಕ್ಸೂಚಿಯನ್ನು ನಂಬಿದ ಅಂದಾಜಾದರೆ ನೋಟ ತಾನಾಗಿ ವಾಲುತ್ತದೆ. ಅಂಥ ಮೊಬೈಲಿನಲ್ಲಿ ಆಡಿ ಆಟದ ಜೈರೋಗೆ ಅಂಕ ಕೊಡಬಾರದು.

ಎರಡನೆಯದು ಬಿಸಿ. ಸೆನ್ಸರಿನ ಸೊನ್ನೆ ಉಷ್ಣತೆಯೊಂದಿಗೆ ಸರಿಯುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ, ಮೊಬೈಲು ಆಟದ ಭಾರಕ್ಕೆ ಬೇರೆ ಕಾಯುತ್ತದೆ, ಅದರ ಮೇಲೆ ಚಾರ್ಜರ್ ಚುಚ್ಚಿಕೊಂಡೇ ಆಡುವವರು ಬೇಕಾದಷ್ಟು ಜನ. ತಣ್ಣಗಿದ್ದಾಗ ಕ್ಯಾಲಿಬ್ರೇಟ್ ಮಾಡಿ ಕಾದ ಮೇಲೆ ಆಡಿದರೆ ಕ್ರಾಸ್‌ಹೇರ್ ಜಾರುವುದು ಸಹಜ. ಸ್ವಲ್ಪ ಹೊತ್ತು ಆಡಿ ಮೊಬೈಲು ಬೆಚ್ಚಗಾದ ಮೇಲೆ, ಸಮತಟ್ಟಾದ ಜಾಗದಲ್ಲಿ ಅಲುಗಾಡದಂತೆ ಇಟ್ಟು ಕ್ಯಾಲಿಬ್ರೇಟ್ ಮಾಡಿದರೆ ಉತ್ತಮ. ತೀರಾ ಕಾದರೆ ಪ್ರೊಸೆಸರು ತಾನೇ ವೇಗ ಇಳಿಸಿಕೊಂಡು ಫ್ರೇಮ್ ಬೀಳುತ್ತದೆ, ಆಗ ಜೈರೋ ತಡವರಿಸಿದಂತೆ ಕಾಣುವುದಕ್ಕೆ ಸೆನ್ಸರ್ ಕಾರಣವಲ್ಲ.

ಆಂಡ್ರಾಯ್ಡ್‌ನಲ್ಲಿ ಆಟಗಳಿಗೆಂದೇ ಇರುವ ಸೆನ್ಸರ್ ವೇಗ ಸೆಕೆಂಡಿಗೆ 50 ರೀಡಿಂಗ್, ಅಂದರೆ 20 ಮಿಲಿಸೆಕೆಂಡಿಗೆ ಒಂದು. ಪರದೆ 60 ಫ್ರೇಮ್‌ನಲ್ಲಿ ನಡೆಯುತ್ತಿದ್ದರೆ ಸುಮಾರು 16.7 ಮಿಲಿಸೆಕೆಂಡಿಗೆ ಒಂದು ಚಿತ್ರ ಬೇಕು. ಹೀಗಾಗಿ ಕೆಲವು ಚಿತ್ರಗಳಿಗೆ ಹೊಸ ರೀಡಿಂಗೇ ಸಿಗದೆ ನೋಟ ಸಣ್ಣಗೆ ಕುಪ್ಪಳಿಸುತ್ತದೆ. ಆಟ ಮಾಡಿದವರು ಇದಕ್ಕಿಂತ ಹೆಚ್ಚಿನ ವೇಗವನ್ನು ಕೇಳಿ ಪಡೆಯಲು ಅವಕಾಶವಿದೆ. ಕೇಳದಿದ್ದರೆ ಅದು ಅವರ ಖಾತೆಗೆ ಸೇರಿದ ತಪ್ಪು.

---

ಬನಹಟ್ಟಿ_ನೇಕಾರ (ಬಾಗಲಕೋಟೆ ಜಿಲ್ಲೆ) ಉತ್ತರ:

ಎಲ್ಲರೂ ನಿಖರತೆಯ ಬಗ್ಗೆಯೇ ಬರೆದಿದ್ದೀರಿ. ದಿನವಿಡೀ ಮಗ್ಗದ ಮುಂದೆ ನಿಂತು ನೂಲು ಕಟ್ಟಿ ಬಂದ ಕೈಗಳಿಗೆ ರಾತ್ರಿ ಜೈರೋ ಹೇಗೆ ಎಂಬುದನ್ನೂ ವಿಮರ್ಶಕರು ನೋಡಬೇಕು. ಕೈ ಎಷ್ಟು ತಿರುಗಿದರೆ ನೋಟವೂ ಅಷ್ಟೇ ತಿರುಗುವ ಹೊಂದಾಣಿಕೆ ಕಣ್ಣಿಗೆ ಸಹಜವೆನಿಸುತ್ತದೆ, ಆದರೆ ಅದರಲ್ಲಿ ತೋಳನ್ನು ಎತ್ತಿ ಹಿಡಿದೇ ಇರಬೇಕಾಗಿ ಹೆಗಲು ಹಿಡಿದುಕೊಳ್ಳುತ್ತದೆ. ಕೈ 30 ಡಿಗ್ರಿ ತಿರುಗಿದರೆ ನೋಟ 90 ಡಿಗ್ರಿ ತಿರುಗುವಂತೆ, ಅಂದರೆ ಮೂರು ಪಟ್ಟು ಇಟ್ಟುಕೊಂಡು, ಕೈಗಳನ್ನು ತೊಡೆಯ ಮೇಲೆ ಊರಿ ಆಡಿದರೆ ನನಗೆ ನೋವಿಲ್ಲ. ಈ ಪಟ್ಟಿನ ಸಂಖ್ಯೆಯನ್ನು ನೇರವಾಗಿ ತೋರಿಸುವ ಆಟ ನನಗೆ ಇಷ್ಟ. 1ರಿಂದ 10ರವರೆಗಿನ ಗೆರೆಯೊಂದನ್ನು ಕೊಟ್ಟು, ಅದರಲ್ಲಿ 5 ಅಂದರೆ ಏನೆಂದು ಹೇಳದ ಆಟದಲ್ಲಿ ಪ್ರತಿ ಸಲವೂ ಕತ್ತಲಲ್ಲಿ ತಡಕಾಡಬೇಕು. ಐದು ನಿಮಿಷ ಆಡಿ ಬರೆದ ವಿಮರ್ಶೆಯಲ್ಲಿ ಇದಾವುದೂ ಸಿಕ್ಕುವುದಿಲ್ಲ.

ಮಲಗಿ ಆಡಿದರೂ ಜೈರೋ ನೆಟ್ಟಗೆ ನಡೆಯುತ್ತದೆಯೇ ಎಂದೂ ಬರೆಯಿರಿ. ಕೆಲವು ಆಟಗಳು ಭೂಮಿಯ ಗುರುತ್ವವನ್ನು ನೋಡಿ ಮೇಲು ಕೆಳಗನ್ನು ಗೊತ್ತುಮಾಡುತ್ತವೆ, ಅಂಗಾತ ಮಲಗಿದರೆ ಅವುಗಳಲ್ಲಿ ಎಡ ಬಲ ತಿರುಗಿಸುವುದೇ ತೊಡಕಾಗುತ್ತದೆ. ಮೊಬೈಲಿನದೇ ಅಕ್ಷಗಳನ್ನು ಬಳಸುವ ಆಟಗಳಲ್ಲಿ ಈ ತೊಂದರೆ ಇಲ್ಲ.

---

ನವನಗರದ_ಆಟಗಾರ (ಬಾಗಲಕೋಟೆ) ಬರೆದದ್ದು:

ತಮ್ಮೆಲ್ಲರಿಗೂ ಧನ್ಯವಾದಗಳು. ಮೂರೂ ಮೊಬೈಲ್‌ಗಳನ್ನು ಒಂದೇ ಕಡೆ ಸೇರಿಸಿ ಪರೀಕ್ಷಿಸಿದೆವು. ಗೆಳೆಯನ ಮೊಬೈಲಿನಲ್ಲಿ ನಿಜವಾದ ಜೈರೋಸ್ಕೋಪ್ ಇಲ್ಲ. ತಿಜೋರಿಯ ಹತ್ತಿರ ಒಯ್ದಾಗ ಪರದೆಯ ಮೇಲಿನ ಬಾಗಿಲು ಮೆಲ್ಲಗೆ ಎಡಕ್ಕೆ ಸರಿದು ಹೊರಗೇ ಹೋಯಿತು, ಅವ್ವನೂ ಬಂದು ನೋಡಿದರು. ಹಾಗಾಗಿ ಅವನ ದೂರನ್ನು ವಿಮರ್ಶೆಯಿಂದ ಕೈಬಿಡುತ್ತಿದ್ದೇನೆ.

ನನ್ನ ಮೊಬೈಲು ಮತ್ತು ತಮ್ಮನ ಮೊಬೈಲು ಎರಡರಲ್ಲೂ ಪರಸಿಯ ಪರೀಕ್ಷೆಯ ಫಲ ಒಂದೇ ಆಗಿತ್ತು. ನಿಧಾನವಾಗಿ ತಿರುಗಿಸಿದಾಗ ನೋಟ 90 ಡಿಗ್ರಿಯನ್ನು ಮುಟ್ಟಲೇ ಇಲ್ಲ, ವೇಗವಾಗಿ ಮರಳಿಸಿದಾಗ ಹೊರಟ ಗುರುತನ್ನು ದಾಟಿ ಆಚೆಗೆ ನಿಂತಿತು. ಅಕ್ಸಲರೇಶನ್ ತೆಗೆದ ಮೇಲೂ ವ್ಯತ್ಯಾಸವಾಗಲಿಲ್ಲ. ಬೇರೊಂದು ಆಟದಲ್ಲಿ ಅದೇ ಮೊಬೈಲು, ಅದೇ ಡಬ್ಬಿ ಗುರುತಿಗೇ ಮರಳಿದವು. ತಮ್ಮನಿಗೆ ಈ ದೋಷ ಏಕೆ ಕಾಡಲಿಲ್ಲವೆಂದು ವಿಚಾರಿಸಿದಾಗ, ಅವನು ಸೆನ್ಸಿಟಿವಿಟಿಯನ್ನು ಬಹಳ ಕಡಿಮೆ ಇಟ್ಟು, ಕೈಯನ್ನು ದೊಡ್ಡದಾಗಿ ಬೀಸಿ ಆಡುತ್ತಾನೆಂದು ತಿಳಿಯಿತು. ಅವನ ಚಲನೆ ಯಾವಾಗಲೂ ಮಿತಿಗಿಂತ ಮೇಲೇ ಇರುತ್ತದೆ.

ಒಂದು ಪ್ರಶ್ನೆ ಉಳಿದಿದೆ. ನಾನು ಬಾಗಲಕೋಟೆಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಆಗಾಗ ಓಡಾಡುತ್ತೇನೆ. ಬಸ್ಸಿನಲ್ಲಿ ಆಡಿದಾಗ ಕಂಡುಬಂದ ತೊಂದರೆಗಳನ್ನು ಆಟದ ವಿಮರ್ಶೆಯಲ್ಲಿ ಸೇರಿಸಬಹುದೇ?

---

ಟಿಳಕವಾಡಿ_ಕನ್ಸೋಲ್ (ಬೆಳಗಾವಿ) ಉತ್ತರ:

ಬಸ್ಸು ತಿರುವಿನಲ್ಲಿ ತಿರುಗಿದರೆ ಮೊಬೈಲೂ ಅದರೊಂದಿಗೆ ತಿರುಗುತ್ತದೆ, ತಿರುಗಿಸಿದ್ದು ನಿಮ್ಮ ಕೈಯೋ ಬಸ್ಸಿನ ಸ್ಟೀರಿಂಗೋ ಎಂದು ಸೆನ್ಸರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಆಟವನ್ನು ದೂರುವಂತಿಲ್ಲ. ಆದರೆ ಸ್ಕೋಪ್ ಹಾಕಿದಾಗ ಮಾತ್ರ ಜೈರೋ ಚಾಲೂ ಆಗುವ ಆಯ್ಕೆ ಇದೆಯೇ ಇಲ್ಲವೇ ಎಂಬುದನ್ನು ಖಂಡಿತ ಬರೆಯಿರಿ, ಏಕೆಂದರೆ ಬಸ್ಸಿನಲ್ಲಿ ಆಡುವವರಿಗೆ ಅದೊಂದೇ ಆಸರೆ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಟದಲ್ಲಿ ಹಾಗೆ ಬೇಕಾದಾಗಷ್ಟೇ ಇಟ್ಟುಕೊಳ್ಳುವ ಆಯ್ಕೆ ಇದೆ, ಜೊತೆಗೆ ಒಂದೊಂದು ಸ್ಕೋಪಿಗೂ ಪ್ರತ್ಯೇಕ ಸೆನ್ಸಿಟಿವಿಟಿಯೂ ಇದೆ.

ಡೆಡ್ ಝೋನ್ ಬಗ್ಗೆ ಬರೆಯುವಾಗ ಮೊಬೈಲಿನ ಮಾಡೆಲ್, ಫ್ರೇಮ್ ರೇಟ್, ಸೆನ್ಸಿಟಿವಿಟಿಯ ಅಂಕಿ ಮತ್ತು ಆಟದ ವರ್ಶನ್ ಸಂಖ್ಯೆ ನಾಲ್ಕನ್ನೂ ಸೇರಿಸಿ. ಮುಂದಿನ ಅಪ್‌ಡೇಟಿನಲ್ಲಿ ಅವರು ಮಿತಿಯನ್ನು ಇಳಿಸಿದರೆ, ಅದೇ ಡಬ್ಬಿಯಿಂದ ಮತ್ತೆ ಅಳೆದು ಹಳೆಯ ಅಂಕಿಯ ಪಕ್ಕದಲ್ಲಿಡಲು ಅನುಕೂಲವಾಗುತ್ತದೆ.